ಕಾಫಿ ಹೋದ ದಾರಿಯಲ್ಲಿ ಒಂದು ಪ್ರವಾಸ

ಊರಿನಿಂದ ತಂದೆತಾಯಿಯರೋ ಅಕ್ಕಭಾವಂದಿರೋ ಯುರೋಪ್ ನೋಡಲು ಬರುತ್ತಾರೆಂದರೆ ಅಲ್ಲಿಯೇ ನೆಲೆಸಿರುವ ನಮ್ಮಲ್ಲಿ ಹೆಚ್ಚಿನವರು ಅವರಿಗೆ ಒಪ್ಪಿಸುವುದು ಒಂದೇ ಬಗೆಯ ಪಟ್ಟಿಯನ್ನು: ಪ್ಯಾರಿಸ್ಸಿನ ಐಫೆಲ್ ಗೋಪುರ, ಸ್ವಿಟ್ಜರ್‌ಲೆಂಡಿನ ಹಿಮ, ರೋಮಿನ ಕೊಲೋಸಿಯಂ. ಇವು ನೋಡತಕ್ಕವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಜೆಗೆಂದು ಚಿಕ್ಕಮಗಳೂರಿಗೆ ಬಂದಿರುವ ನಾನು, ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರ ದಂಪತಿ ಕಳೆದ ಮೇ ತಿಂಗಳಲ್ಲಿ ಮಾಡಿಬಂದ ಪ್ರವಾಸದ ವಿವರಗಳನ್ನು ಅವರ ತೋಟದ ಮನೆಯಲ್ಲಿಯೇ ಕುಳಿತು ಕೇಳಿದ ಮೇಲೆ, ಮಲೆನಾಡಿನಿಂದ ಬರುವ ನಮ್ಮವರಿಗೆ ಬೇರೊಂದು ದಾರಿಯನ್ನು ತೋರಿಸಬೇಕಾದದ್ದು ನಮ್ಮ ಕರ್ತವ್ಯವೆಂದು ನನಗೆ ಬಲವಾಗಿ ಅನ್ನಿಸಿದೆ. ಅವರು ನೋಡಿದ್ದು ಮೂರೇ ನಗರಗಳನ್ನು: ಇಟಲಿಯ ವೆನಿಸ್ ಮತ್ತು ಟ್ರಿಯೆಸ್ಟೆ, ಆಸ್ಟ್ರಿಯಾದ ವಿಯೆನ್ನಾ. ಮೂರೂ ಕಾಫಿಯ ನಗರಗಳು.

ವೆನಿಸ್ಸಿನ ಕಾಲುವೆಗಳನ್ನೂ ಸೇತುವೆಗಳನ್ನೂ ನಾನು ಇಲ್ಲಿ ವರ್ಣಿಸಬೇಕಾಗಿಲ್ಲ. ಆ ದಂಪತಿಯ ಗಮನ ನೆಟ್ಟದ್ದು ಸೇಂಟ್ ಮಾರ್ಕ್ ಚೌಕದ ಕಮಾನುಗಳ ಕೆಳಗೆ 1720ರಿಂದ ನಡೆದುಬಂದಿರುವ ಫ್ಲೋರಿಯನ್ ಕಾಫಿಮನೆಯ ಮೇಲೆ. ಪೂರ್ವದೇಶಗಳೊಡನೆ ವ್ಯಾಪಾರ ಮಾಡುತ್ತಿದ್ದ ವೆನಿಸ್ಸಿಗೆ ಕಾಫಿ ಬಂದದ್ದು ಹದಿನೇಳನೆಯ ಶತಮಾನದಲ್ಲಿ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ನಮ್ಮ ಜಿಲ್ಲೆಯಲ್ಲಿ ಹೇಳುವುದೂ ಅದೇ ಶತಮಾನದ ಮಾತು. ಅತ್ತ ಪಾನೀಯವಾಗಿ ಹೋದದ್ದು ಇತ್ತ ಬೆಳೆಯಾಗಿ ಬಂದಿತು. ತಮ್ಮ ತೋಟದ ಮೇಲಿನ ಗುಡ್ಡಕ್ಕೂ ಆ ಅಮೃತಶಿಲೆಯ ಮೇಜುಗಳಿಗೂ ಇಂಥದೊಂದು ನಂಟಿದೆಯೆಂಬುದು ಅಲ್ಲಿ ಕುಳಿತಾಗಲೇ ಮನಸ್ಸಿಗೆ ಹೊಳೆಯಿತು ಎಂದು ಯಜಮಾನರು ಹೇಳಿದರು.

ವೆನಿಸ್ಸಿನಿಂದ ಟ್ರಿಯೆಸ್ಟೆಗೆ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಪ್ಯಾಕೇಜ್ ಪ್ರವಾಸಗಳಲ್ಲಿ ಈ ಊರಿನ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ, ಕಾಫಿ ಬೆಳೆಯುವವರಿಗಾದರೋ ಇದಕ್ಕಿಂತ ಹತ್ತಿರದ ನಗರ ಯುರೋಪಿನಲ್ಲಿ ಇನ್ನೊಂದಿಲ್ಲ. 1382ರಿಂದ 1918ರವರೆಗೆ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ರಾಜವಂಶದ ಆಳ್ವಿಕೆಯಲ್ಲಿದ್ದ ಈ ಬಂದರನ್ನು ಆರನೆಯ ಚಾರ್ಲ್ಸ್ ಚಕ್ರವರ್ತಿ 1719ರಲ್ಲಿ ಸುಂಕಮುಕ್ತ ಬಂದರೆಂದು ಘೋಷಿಸಿದನು. 1857ರಲ್ಲಿ ವಿಯೆನ್ನಾದಿಂದ ಇಲ್ಲಿಯವರೆಗೆ ರೈಲು ಹಳಿ ಪೂರ್ಣಗೊಂಡಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪೂರ್ವದ ಸರಕು ಆಫ್ರಿಕವನ್ನು ಸುತ್ತದೆ ನೇರವಾಗಿ ಇಲ್ಲಿಗೆ ಬರತೊಡಗಿತು. 1933ರಲ್ಲಿ ಫ್ರಾಂಚೆಸ್ಕೊ ಇಲ್ಲಿ (Illy) ಎಂಬಾತ ತನ್ನ ಹೆಸರಿನ ಕಾಫಿ ಸಂಸ್ಥೆಯನ್ನು ಕಟ್ಟಿದ್ದೂ ಈ ಊರಿನಲ್ಲಿಯೇ. ಮೆಡಿಟರೇನಿಯನ್ನಿನ ದೊಡ್ಡ ಕಾಫಿ ಬಂದರುಗಳಲ್ಲಿ ಇದು ಇಂದಿಗೂ ಒಂದು.

ಸಮುದ್ರಕ್ಕೆ ಮುಖಮಾಡಿ ತೆರೆದುಕೊಂಡಿರುವ ಅಲ್ಲಿನ ದೊಡ್ಡ ಚೌಕದ ಹಿಂದಿನ ಬೀದಿಯೊಂದರಲ್ಲಿ, ಕಾಫಿ ಹುರಿದು ಮಾರುವ ಒಂದು ಸಣ್ಣ ಅಂಗಡಿಗೆ ಇವರು ಹೋದರು. ತಾವು ಕಾಫಿ ಬೆಳೆಯುವವರೆಂದು ತಿಳಿಸಿದ ಕೂಡಲೇ ಅಂಗಡಿಯಾತ ಒಳಗೆ ಕರೆದೊಯ್ದು, ಭಾರತದಿಂದ ಬಂದ ರೋಬಸ್ಟಾ ಜಾತಿಯ ಕಾಫಿಬೀಜದ ಚೀಲವನ್ನು ಬಿಚ್ಚಿ ತೋರಿಸಿದನಂತೆ. ಎಸ್ಪ್ರೆಸೊ ಎಂಬ ಇಟಲಿಯ ಗಟ್ಟಿ ಕಾಫಿಯ ಮೇಲೆ ನಿಲ್ಲುವ ದಟ್ಟವಾದ ಹೊಂಬಣ್ಣದ ನೊರೆಗೆ ರೋಬಸ್ಟಾ ಬೇಕು. ನಮ್ಮಲ್ಲಿ ನೆರಳಿನಡಿ ಬೆಳೆದು, ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ರೋಬಸ್ಟಾಕ್ಕೆ ಇಟಲಿಯಲ್ಲಿ ಇರುವ ಬೆಲೆ ಅದರಿಂದ ಬಂದದ್ದು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿಯೇ. ಹಾಗಿದ್ದರೂ ತಮ್ಮ ಹಣ್ಣನ್ನು ಕಣದಲ್ಲಿ ಒಣಗಿಸಿ ವ್ಯಾಪಾರಿಗೆ ತೂಗಿ ಕೊಟ್ಟ ಮೇಲೆ ಅದು ಏನಾಯಿತೆಂಬುದನ್ನು ನಾಲಗೆಯಿಂದ ಅರಿಯುವ ಅವಕಾಶ ನಮ್ಮ ಬೆಳೆಗಾರರಲ್ಲಿ ಎಷ್ಟು ಮಂದಿಗೆ ಸಿಕ್ಕಿದೆ? ಮನೆಯಲ್ಲಿ ಕಣದ ಉಸ್ತುವಾರಿಯನ್ನೆಲ್ಲ ನೋಡಿಕೊಳ್ಳುವ ಆ ಗೃಹಿಣಿ ಚೀಲದಿಂದ ಒಂದು ಹಿಡಿ ಬೀಜ ತೆಗೆದು ಮೂಸಿ, ಇದು ಸರಿಯಾಗಿ ಒಣಗಿದ ಮಾಲು ಎಂದರಂತೆ. ಅಂಗಡಿಯಾತ ಹುರಿದ ಬೀಜಕ್ಕೂ ಹಸಿ ಬೀಜಕ್ಕೂ ಅವರ ಅಭಿಪ್ರಾಯವನ್ನು ಕೇಳಿ ಕೇಳಿ ತಿಳಿದುಕೊಂಡನಂತೆ. ಪ್ರವಾಸಿಯೊಬ್ಬರಿಗೆ ಪರದೇಶದಲ್ಲಿ ದೊರೆಯಬಹುದಾದ ಗೌರವಗಳಲ್ಲಿ ಇದು ಬಹಳ ದೊಡ್ಡದೆಂದು ನಾನು ಭಾವಿಸುತ್ತೇನೆ.

ಒಂದು ಕೊರತೆಯನ್ನೂ ಅವರು ಕಂಡರು. ಕಪಾಟುಗಳಲ್ಲಿ ಸಾಲಾಗಿ ಜೋಡಿಸಿದ ಮಿಶ್ರಣಗಳ ಪೊಟ್ಟಣಗಳಲ್ಲಿ ಬೀಜ ಯಾವ ನಾಡಿನದೆಂದು ಬರೆದದ್ದು ವಿರಳ. ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ 2019ರಲ್ಲಿಯೇ ಭೌಗೋಳಿಕ ಗುರುತು (ಜಿಐ) ದೊರೆತಿದೆ, ಆದರೆ ಆ ಹೆಸರುಗಳು ಯುರೋಪಿನ ಸಾಮಾನ್ಯ ಗ್ರಾಹಕನ ಕಿವಿಗೆ ಇನ್ನೂ ಬಿದ್ದಿಲ್ಲ. ಯುರೋಪಿನಲ್ಲಿ ನೆಲೆಸಿರುವ ನಾವು ನಮ್ಮ ಬೀದಿಯ ಅಂಗಡಿಯಲ್ಲಿ ಆ ಹೆಸರು ಹಿಡಿದು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು.

ಟ್ರಿಯೆಸ್ಟೆಯಿಂದ ಸ್ಲೊವೇನಿಯಾದ ಲುಬ್ಲಿಯಾನಾ ಮಾರ್ಗವಾಗಿ ವಿಯೆನ್ನಾಕ್ಕೆ ಹೆಚ್ಚುಕಡಿಮೆ ಇಡೀ ಹಗಲಿನ ರೈಲು ಪ್ರಯಾಣ. ವಿಮಾನದಲ್ಲಿ ಬೇಗ ತಲುಪಬಹುದಾದರೂ ರೈಲನ್ನೇ ಹಿಡಿಯಿರೆಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ಕಾರ್ಲ್ ಫಾನ್ ಗೇಗಾ ಎಂಬ ಎಂಜಿನಿಯರ್ ಕಟ್ಟಿಸಿ 1854ರಲ್ಲಿ ತೆರೆದ ಸೆಮ್ಮರಿಂಗ್ ಬೆಟ್ಟದ ಹಳಿ ಈ ದಾರಿಯಲ್ಲಿದೆ. ಹದಿನಾಲ್ಕು ಸುರಂಗಗಳೂ ಹದಿನಾರು ಎತ್ತರದ ಕಮಾನು ಸೇತುವೆಗಳೂ ಇರುವ ಆ ಹಳಿ 1998ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಐವತ್ತೇಳು ಸುರಂಗಗಳನ್ನು ದಾಟಿ ಇಳಿದವರು ಇಲ್ಲಿ ಕಿಟಕಿಯನ್ನು ಬಿಟ್ಟು ಏಳಲಾರರು.

ವಿಯೆನ್ನಾದಲ್ಲಿ ಷೋನ್‌ಬ್ರುನ್ ಅರಮನೆಯನ್ನು ನೋಡಿದ್ದಾಯಿತು, ಸೇಂಟ್ ಸ್ಟೀಫನ್ ಕ್ಯಾಥೆಡ್ರಲ್ಲಿನ ದಕ್ಷಿಣ ಗೋಪುರದ 343 ಮೆಟ್ಟಿಲುಗಳನ್ನು ಹತ್ತಿದ್ದಾಯಿತು. ಉಳಿದ ಹೊತ್ತು ಕಳೆದದ್ದು ಕಾಫಿಮನೆಗಳಲ್ಲಿ. ಯೋಹಾನೆಸ್ ಡಿಯೊಡಾಟೊ ಎಂಬ ಆರ್ಮೇನಿಯನ್ ವ್ಯಾಪಾರಿ 1685ರಲ್ಲಿ ಕಾಫಿ ಮಾರುವ ಪರವಾನಗಿ ಪಡೆದಂದಿನಿಂದ ಬೆಳೆದುಬಂದ ಈ ಪದ್ಧತಿಯನ್ನು ಆಸ್ಟ್ರಿಯಾ 2011ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ತಟ್ಟೆಯಲ್ಲಿ ಕಾಫಿಯ ಜೊತೆಗೆ ಒಂದು ಲೋಟ ನೀರು, ಮರದ ಚೌಕಟ್ಟಿಗೆ ಸಿಕ್ಕಿಸಿದ ಪತ್ರಿಕೆಗಳು, ಒಂದೇ ಕಪ್ಪಿಗೆ ಗಂಟೆಗಟ್ಟಲೆ ಕೂರಬಹುದಾದ ಸಲುಗೆ: ಮದುವೆಯಾದಂದಿನಿಂದ ತೋಟ, ಆಳುಕಾಳು, ಮಳೆಯ ಲೆಕ್ಕದಲ್ಲಿಯೇ ದಿನ ಕಳೆದ ಗಂಡಹೆಂಡಿರು ಅಲ್ಲಿ ಯಾವ ಅವಸರವೂ ಇಲ್ಲದೆ ಎದುರುಬದುರು ಕುಳಿತು ಮಾತನಾಡಿದರಂತೆ.

ಕಾಲದ ಬಗ್ಗೆ ಒಂದು ಸೂಚನೆ. ಅರೇಬಿಕಾ ಕುಯ್ಲು ನವೆಂಬರಿನಲ್ಲಿ ಮೊದಲಾಗಿ ರೋಬಸ್ಟಾ ಕುಯ್ಲು ಮಾರ್ಚಿನವರೆಗೆ ಎಳೆಯುತ್ತದೆ, ಅದರ ಬೆನ್ನಿಗೇ ಕಾಫಿ ಗಿಡದಲ್ಲಿ ಹೂವರಳಿಸುವ ಹೂಮಳೆಯ ಕಾತರ. ಆದ್ದರಿಂದ ತೋಟದವರು ನೆಮ್ಮದಿಯಾಗಿ ಊರು ಬಿಡಬಹುದಾದದ್ದು ಹೂಮಳೆ ಮುಗಿದು ಮುಂಗಾರು ಹಿಡಿಯುವುದರೊಳಗೆ, ಅಂದರೆ ಮೇ ತಿಂಗಳಲ್ಲಿ. ಯುರೋಪಿನಲ್ಲಿಯೂ ಅದು ಹಿತವಾದ ಹವೆಯ ಕಾಲ. ವೀಸಾದ ಅರ್ಜಿಯನ್ನು ಕುಯ್ಲಿನ ಗಡಿಬಿಡಿಯ ನಡುವೆ ಅವರು ತಾವಾಗಿಯೇ ಹಾಕಲಾರರು. ಅದನ್ನು ಯುರೋಪಿನಲ್ಲಿರುವ ಮಕ್ಕಳು ಫೆಬ್ರವರಿಯಲ್ಲಿಯೇ ಕೈಗೆತ್ತಿಕೊಳ್ಳಬೇಕು.