ಮಗಳಿಗೊಂದು ಪತ್ರ: ಈ ಸಲ ಕ್ಯಾಂಪರ್ ನಿನ್ನ ಕೈಯಲ್ಲಿ

ಪ್ರೀತಿಯ ಮಗಳೇ,

ಈ ಸಲದ ಪ್ರವಾಸಕ್ಕೆ ಪಾಪ್-ಅಪ್ ಕ್ಯಾಂಪರ್, ಅಂದರೆ ಕಾರಿನ ಹಿಂದೆ ಕಟ್ಟುವ ನಮ್ಮ ಮಡಚುವ ಡೇರೆ-ಗಾಡಿ, ಎಳೆಯುವವಳೂ ನೀನೇ, ಹೋದ ಜಾಗದಲ್ಲಿ ಬಿಚ್ಚಿ ನಿಲ್ಲಿಸುವವಳೂ ನೀನೇ ಅಂತ ತೀರ್ಮಾನ ಆದಾಗಿನಿಂದ ನನಗೆ ತುಂಬಾ ಖುಷಿ. ಹೇಳಬೇಕಾದ ಮಾತೂ ಬಹಳ ಇವೆ. ಬಾಯಲ್ಲಿ ಹೇಳಿದರೆ ಅರ್ಧಕ್ಕೇ "ಗೊತ್ತಮ್ಮಾ" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಈ ಗಾಡಿಯಲ್ಲಿ ಶಕ್ತಿ ಬೇಕಾದ ಕೆಲಸ ಕಡಿಮೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನೋದೇ ಮುಖ್ಯ. ರಾತ್ರಿ ಅದರೊಳಗೆ ಅಜ್ಜಿ ಮಲಗುತ್ತಾಳೆ, ತಮ್ಮ ಮಲಗುತ್ತಾನೆ. ನೀನು ಹಗಲಲ್ಲಿ ಅವಸರದಿಂದ ಬಿಟ್ಟ ಒಂದು ಕೆಲಸ ಅವರ ನಿದ್ದೆಗೆ ಬಂದು ತಟ್ಟುತ್ತದೆ.

ಸಾಮಾನು ತುಂಬುವಾಗಲೇ ಶುರು ಮಾಡು. ಭಾರದ ವಸ್ತುಗಳು ಚಕ್ರದ ಆಕ್ಸಲ್ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದೆ ಇರಲಿ, ಹಿಂದೆ ಬೇಡ. ಇಡೀ ಕ್ಯಾಂಪರ್ ತೂಕದ ಶೇಕಡಾ 10ರಿಂದ 15ರಷ್ಟು ಕಾರಿನ ಹಿಚ್ ಮೇಲೆ, ಅಂದರೆ ಗಾಡಿ ಸಿಕ್ಕಿಸುವ ಕೊಂಡಿಯ ಮೇಲೆ, ಕೂರಬೇಕು. ಅಂದರೆ ತುಂಬಿದ ಗಾಡಿ 900 ಕಿಲೋ ಇದ್ದರೆ ಹಿಚ್ ಮೇಲೆ 90ರಿಂದ 135 ಕಿಲೋ. ಅದಕ್ಕಿಂತ ಕಡಿಮೆ ಆದರೆ ವೇಗದಲ್ಲಿ ಹಿಂಭಾಗ ಅತ್ತಿತ್ತ ಓಲಾಡುತ್ತದೆ. ನೀರಿನ ಟ್ಯಾಂಕ್ ಮರೆಯಬೇಡ, ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಸೇಫ್ಟಿ ಚೈನ್‌ಗಳನ್ನು ಹಿಚ್ ಕೆಳಗೆ ಒಂದರ ಮೇಲೊಂದು ಅಡ್ಡಡ್ಡ ಹಾಕು. ಹಿಚ್ ಮೇಲೆ ಕೂರುವ ಗಾಡಿಯ ಕಪ್ಲರ್ ಕಳಚಿದರೂ ಗಾಡಿಯ ಮೂತಿ ಆ ಚೈನ್‌ಗಳ ಮೇಲೆ ಬೀಳುತ್ತದೆ, ರಸ್ತೆಗೆ ನಾಟುವುದಿಲ್ಲ.

ದಾರಿಯಲ್ಲಿ ಗಾಡಿ ಓಲಾಡಿದರೆ ಕಾರಿನ ಬ್ರೇಕ್ ಗಟ್ಟಿಯಾಗಿ ಒತ್ತಬೇಡ. ಸ್ಟಿಯರಿಂಗ್ ನೇರ ಹಿಡಿ, ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆ. ರಿವರ್ಸ್ ಮಾಡುವಾಗ ಸ್ಟಿಯರಿಂಗ್‌ನ ಕೆಳಭಾಗ ಹಿಡಿದುಕೋ. ಕ್ಯಾಂಪರ್ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸು. ಇಂಥ ಪುಟ್ಟ ಟ್ರೈಲರ್‌ಗಳು ಬಹಳ ಬೇಗ ತಿರುಗಿಬಿಡುತ್ತವೆ, ಹಾಗಾಗಿ ಒಂದು ಗೇಣು ಸರಿಸಿದರೂ ಜಾಸ್ತಿಯೇ. ಅಪ್ಪ ಹಿಂದೆ ನಿಂತು ಕೈ ತೋರಿಸಲಿ. ಅವರು ಕನ್ನಡಿಯಲ್ಲಿ ಕಾಣದಿದ್ದರೆ ಕೂಡಲೇ ನಿಲ್ಲಿಸು.

ಜಾಗ ಮುಟ್ಟಿದ ಮೇಲಿನ ಕೆಲಸವೇ ನನಗೆ ಎಲ್ಲಕ್ಕಿಂತ ಇಷ್ಟ. ಕಾರಿನಿಂದ ಬಿಡಿಸುವ ಮುಂಚೆ ಎಡ-ಬಲ ಮಟ್ಟ ನೋಡಬೇಕು. ತಗ್ಗಿನ ಕಡೆಯ ಚಕ್ರವನ್ನು ಹಲಗೆಯ ಮೇಲೆ ಹತ್ತಿಸು. ಆಮೇಲೆ ಚಕ್ರಗಳಿಗೆ ಬೆಣೆ. ಬೆಣೆ ಇಟ್ಟ ಮೇಲಷ್ಟೇ ಹಿಚ್ ಬಿಡಿಸಬೇಕು, ಇದೊಂದನ್ನು ಯಾವತ್ತೂ ಹಿಂದೆ ಮುಂದೆ ಮಾಡಬೇಡ. ಮುಂದಿನ ಜಾಕ್ ತಿರುಗಿಸಿ ಹಿಂದು-ಮುಂದಿನ ಮಟ್ಟ ಸರಿಮಾಡು. ನಾಲ್ಕು ಮೂಲೆಯ ಸ್ಟೆಬಿಲೈಸರ್‌ಗಳು ನೆಲಕ್ಕೆ ಗಟ್ಟಿಯಾಗಿ ತಾಗಿದರೆ ಸಾಕು. ಅವು ಇರುವುದು ಅಲುಗಾಟ ತಡೆಯಲು. ಅವುಗಳಿಂದ ಗಾಡಿಯನ್ನೇ ಎತ್ತಲು ಹೋದರೆ ಚೌಕಟ್ಟು ಸೊಟ್ಟಗಾಗುತ್ತದೆ, ಬಾಗಿಲು ಕೂರುವುದಿಲ್ಲ.

ಈಗ ಛಾವಣಿ. ಲ್ಯಾಚ್‌ಗಳೆಲ್ಲ ಬಿಚ್ಚಿವೆಯೇ ಅಂತ ಒಂದು ಸುತ್ತು ಬಂದು ನೋಡು, ಆಮೇಲೆ ಹ್ಯಾಂಡಲ್ ತಿರುಗಿಸು. ಕೇಬಲ್‌ಗಳು ನಾಲ್ಕೂ ಕಂಬಗಳನ್ನು ಒಟ್ಟಿಗೆ ಮೇಲಕ್ಕೆ ತಳ್ಳುತ್ತವೆ. ಒಂದು ಮೂಲೆ ಹಿಂದುಳಿದರೆ ಅಲ್ಲೇ ನಿಲ್ಲಿಸು, ಬಲ ಹಾಕಬೇಡ. ಕೇಬಲ್ಲೋ ಕ್ಯಾನ್ವಾಸೋ ಎಲ್ಲೋ ಸಿಕ್ಕಿಕೊಂಡಿದೆ ಅಂತ ಅರ್ಥ. ಛಾವಣಿ ಏರುವಾಗ ಒಳಗೆ ಯಾರೂ ಇರಬಾರದು, ತಮ್ಮ ಎಷ್ಟೇ ಹಟ ಮಾಡಿದರೂ ಸರಿ.

ಹಾಸಿಗೆಗಳನ್ನು ಎಳೆದ ಕೂಡಲೇ ಅವುಗಳ ಕೆಳಗಿನ ಆಸರೆ ಕೋಲುಗಳನ್ನು ಸಿಕ್ಕಿಸು. ಆ ಹಾಸಿಗೆ ಗಾಡಿಯಿಂದ ಆಚೆ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಕೋಲು ಇಲ್ಲದೆ ಯಾರಾದರೂ ಹತ್ತಿದರೆ ಮುರಿಯಬಹುದು, ಗಾಡಿಯೇ ವಾಲಬಹುದು. ಪ್ರತಿ ಕೋಲನ್ನೂ ಕೈಯಿಂದ ಅಲ್ಲಾಡಿಸಿ ನೋಡದೆ ಅಜ್ಜಿಯನ್ನು ಒಳಗೆ ಕರೆಯಬೇಡ. ಇನ್ನೊಂದು, ಹಾಸಿಗೆಯ ಅಡಿಯಲ್ಲಿ ಗಾಳಿ ಓಡಾಡುವುದರಿಂದ ಚಳಿ ಕೆಳಗಿನಿಂದಲೇ ಬರುತ್ತದೆ. ಮೇಲೆ ಎಷ್ಟು ಹೊದ್ದರೂ ಬೆನ್ನು ತಣ್ಣಗೇ ಇರುತ್ತದೆ. ಫೋಮ್ ಚಾಪೆಯನ್ನು ಮೆತ್ತೆಯ ಕೆಳಗೆ ಹಾಸು.

ಒಲೆಯ ವಿಷಯದಲ್ಲಿ ಮಾತ್ರ ನಾನು ಅಮ್ಮನಾಗಿ ಅಪ್ಪಣೆ ಮಾಡುತ್ತಿದ್ದೇನೆ. ಎಷ್ಟೇ ಚಳಿ ಇರಲಿ, ಬೆಚ್ಚಗಾಗಲು ಅಂತ ಒಳಗೆ ಗ್ಯಾಸ್ ಒಲೆ ಹಚ್ಚಬಾರದು. ಇದ್ದಿಲಂತೂ ಒಳಗೆ ಬರಲೇಬಾರದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಹೊರಡುವ ಮುಂಚೆ ಅದರ ಅಲಾರಂನ ಟೆಸ್ಟ್ ಬಟನ್ ಒತ್ತಿ ನೋಡು. ಎಲ್‌ಪಿಜಿ ಸೋರಿಕೆ ತಿಳಿಸುವ ಅಲಾರಂ ಬೇರೆ, ಅದು ನೆಲದ ಹತ್ತಿರ ಇದೆ, ಯಾಕೆಂದರೆ ಆ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಇಳಿದು ಕೂರುತ್ತದೆ. ಅದರ ಮುಂದೆ ಚೀಲಗಳನ್ನು ಒಟ್ಟಬೇಡ.

ಕಿಟಕಿ ಒಂದಿಷ್ಟು ತೆರೆದೇ ಇರಲಿ, ಎರಡೂ ತುದಿಯಲ್ಲಿ. ಇಷ್ಟೊಂದು ಜನ ರಾತ್ರಿಯಿಡೀ ಉಸಿರಾಡಿದರೆ ಆ ತೇವವೆಲ್ಲ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಬೆಳಿಗ್ಗೆ ಕ್ಯಾನ್ವಾಸ್ ಒದ್ದೆ ಇದ್ದರೆ ಸೋರಿದೆ ಅಂತ ಗಾಬರಿ ಬೇಡ.

ನಿನಗೆ ನಿಜ ಹೇಳಲಾ? ಮಳೆ ಬಂದರೆ ನನಗೆ ಬೇಜಾರಿಲ್ಲ. ಕ್ಯಾನ್ವಾಸ್ ಮೇಲೆ ಮಳೆ ಬೀಳುವಾಗ ಎಲ್ಲರೂ ಒಂದೇ ದೀಪದ ಸುತ್ತ ಕೂರಬೇಕಾಗುತ್ತದೆ. ಎದ್ದು ಹೋಗಲು ಬೇರೆ ಕೋಣೆಯೇ ಇಲ್ಲ. ಮನೆಯಲ್ಲಿ ಒಂದೊಂದು ಬಾಗಿಲ ಹಿಂದೆ ಒಬ್ಬೊಬ್ಬರು ಇರುತ್ತೇವೆ, ಅಲ್ವಾ? ಕ್ಯಾಂಪರ್‌ನಲ್ಲಾದರೆ ಅಜ್ಜಿ ತನ್ನ ಚಿಕ್ಕಂದಿನ ಮಾತು ತೆಗೆಯುತ್ತಾಳೆ, ನೀನು ಮೊಬೈಲ್ ಪಕ್ಕಕ್ಕಿಟ್ಟು ಕೇಳುತ್ತೀಯ. ನಾನು ಈ ಗಾಡಿಯನ್ನು ಇಷ್ಟು ಜತನ ಮಾಡುವುದು ಅದಕ್ಕೇ.

ವಾಪಸು ಬರುವ ದಿನ ಮಳೆ ಇದ್ದರೆ ಒದ್ದೆಯಲ್ಲೇ ಮಡಚಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಆದರೆ ಮನೆಗೆ ಬಂದು ಒಂದೆರಡು ದಿನದೊಳಗೆ ಮತ್ತೆ ಬಿಚ್ಚಿ ಪೂರ್ತಿ ಒಣಗಿಸಲೇಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ, ಆ ವಾಸನೆ ಸುಲಭಕ್ಕೆ ಹೋಗುವುದಿಲ್ಲ. ಆ ಕೆಲಸಕ್ಕೆ ನಾನೂ ಬರುತ್ತೇನೆ. ಮತ್ತೆ, ಚಕ್ರಕ್ಕೆ ಬೆಣೆ ಇಡುವುದನ್ನು ತಮ್ಮನಿಗೆ ಬಿಡು. ಇಟ್ಟ ಮೇಲೆ ನೀನೊಮ್ಮೆ ಬಗ್ಗಿ ನೋಡು, ಅಷ್ಟೇ.

ಪ್ರೀತಿಯಿಂದ,
ಅಮ್ಮ