ಅವನು ಎದುರಿಗಿಲ್ಲದಾಗ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹಾಸ್ಟೆಲಿನಲ್ಲಿ ನಿನ್ನ ಕೋಣೆಗೆ ಬಂದಿರುವ ಹುಡುಗ ಬೇರೆ ಧರ್ಮದವನೆಂದೂ, ಅವನೊಡನೆ ಹೇಗೆ ಹೊಂದಿಕೊಳ್ಳುವುದೋ ತಿಳಿಯುತ್ತಿಲ್ಲವೆಂದೂ ಬರೆದಿದ್ದೀಯೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯವಲ್ಲವೆಂದು ಕೂತು ಬರೆಯುತ್ತಿದ್ದೇನೆ.

ನಿನ್ನ ವಯಸ್ಸಿನಲ್ಲಿ ನನಗೂ ಅಂಥ ಒಬ್ಬ ಜೊತೆಗಾರನಿದ್ದ. ಬೆಳಕು ಹರಿಯುವ ಮುನ್ನ ಎದ್ದು ಪ್ರಾರ್ಥನೆ ಮಾಡುತ್ತಿದ್ದ. ನನಗೆ ನಿದ್ದೆ ಕೆಡುತ್ತಿತ್ತು. ಅದನ್ನು ಅವನಿಗೆ ಹೇಳದೆ ಗೆಳೆಯರ ಮುಂದೆ ಹೇಳಿಕೊಂಡೆ, ಅದೂ ಅವನು ಪ್ರಾರ್ಥಿಸುವ ಭಂಗಿಯನ್ನು ಅಣಕಿಸಿ ತೋರಿಸುತ್ತಾ. ಎಲ್ಲರೂ ನಕ್ಕರು. ಕೆಲವು ದಿನಗಳ ನಂತರ, ಚಳಿಗಾಲದ ಒಂದು ಬೆಳಗಿನ ಜಾವ ನೀರು ಕುಡಿಯಲು ಹೊರಗೆ ಬಂದೆ. ಪಡಸಾಲೆಯ ಕೊನೆಯಲ್ಲಿ, ದೀಪವಿಲ್ಲದ ಮೆಟ್ಟಿಲ ಪಕ್ಕ, ತಣ್ಣನೆಯ ನೆಲದ ಮೇಲೆ ಟವೆಲ್ ಹಾಸಿಕೊಂಡು ಅವನು ಕುಳಿತಿದ್ದ. ಚಪ್ಪಲಿಗಳನ್ನು ಸದ್ದಾಗದಂತೆ ಕೈಯಲ್ಲಿ ಹಿಡಿದು ಬಂದಿದ್ದನೇನೋ, ಅವು ಒಂದರ ಮೇಲೊಂದು ಗೋಡೆಗೆ ಒರಗಿದ್ದವು. ನನ್ನ ಮಾತು ಅವನ ಕಿವಿಗೆ ಬಿದ್ದಿತ್ತು. ಜಗಳ ಆಡದೆ ತನ್ನ ಜಾಗವನ್ನೇ ಬಿಟ್ಟುಕೊಟ್ಟಿದ್ದ.

ಅಂದೇ ಕ್ಷಮೆ ಕೇಳಿ, ‘ಇನ್ನು ಕೋಣೆಯಲ್ಲೇ ಮಾಡು’ ಎಂದೆ. ಆ ಮಾತಿನಲ್ಲೂ ತಪ್ಪಿತ್ತೆಂದು ಹೊಳೆಯಲು ವರ್ಷಗಳೇ ಬೇಕಾದವು. ಅರ್ಧ ಕೋಣೆ ಅವನದೇ ಆಗಿರುವಾಗ ಅಪ್ಪಣೆ ಕೊಡಲು ನಾನು ಯಾರು? ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ, ಒಬ್ಬನೇ ಆಗಲಿ ಇತರರೊಡನೆಯಾಗಲಿ ತನ್ನ ನಂಬಿಕೆಯಂತೆ ನಡೆಯುವುದು, ಬೇಕಾದರೆ ನಂಬಿಕೆಯನ್ನು ಬದಲಿಸುವುದು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. ಅವನ ಹಕ್ಕನ್ನು ನಾನು ನನ್ನ ಉದಾರತೆಯೆಂದು ತಿಳಿದಿದ್ದೆ. ಆಮೇಲೂ ಬಹಳ ದಿನ ಅವನು ಏಳುವ ಮುನ್ನ ನನ್ನ ಕಡೆಗೊಮ್ಮೆ ನೋಡುತ್ತಿದ್ದ. ಆ ನೋಟ ಇಂದಿಗೂ ನನ್ನನ್ನು ಕೊರೆಯುತ್ತದೆ.

ಆದ್ದರಿಂದ ಮಗನೇ, ಅವನು ಎದುರಿಗಿಲ್ಲದಾಗ ನಿನ್ನ ನಾಲಿಗೆ ಹೇಗಿರುತ್ತದೆಂದು ಮೊದಲು ನೋಡಿಕೋ. ಕ್ರಿ.ಪೂ. 3ನೇ ಶತಮಾನದಷ್ಟು ಹಿಂದೆಯೇ ಅಶೋಕ ತನ್ನ ಹನ್ನೆರಡನೆಯ ಶಿಲಾಶಾಸನದಲ್ಲಿ ಇದನ್ನೇ ಕೆತ್ತಿಸಿದ್ದಾನೆ. ಮತಗಳ ಏಳಿಗೆಗೆ ಮಾತಿನ ಸಂಯಮವೇ ಮೂಲ, ತನ್ನ ಮತದ ಮೇಲಿನ ಅಭಿಮಾನದಿಂದ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹೆಚ್ಚಿನ ಹಾನಿ ಮಾಡುತ್ತಾನೆ ಎಂಬುದು ಅದರ ಸಾರ. ಬೌದ್ಧನಾಗಿದ್ದ ಚಕ್ರವರ್ತಿ ಎಲ್ಲರೂ ಬೌದ್ಧರಾಗಿ ಎನ್ನದೆ, ಬಾಯಿ ಬಿಗಿಹಿಡಿಯಿರಿ ಎಂದದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅವನ ನಂಬಿಕೆಯನ್ನೆಲ್ಲ ನೀನು ಒಪ್ಪಬೇಕಿಲ್ಲ. ನಿನ್ನದನ್ನು ಬಿಡಬೇಕಾಗಿಯೂ ಇಲ್ಲ. ಆದರೆ ಎಲ್ಲೋ ಯಾರೋ ಅವನ ಧರ್ಮದ ಹೆಸರು ಹೇಳಿ ಕೇಡು ಮಾಡಿದ ಸುದ್ದಿ ಬಂದಾಗ ಉತ್ತರಕ್ಕಾಗಿ ಅವನ ಮುಖ ನೋಡಬೇಡ. ಲಕ್ಷಾಂತರ ಜನರ ಲೆಕ್ಕವನ್ನು ಒಬ್ಬ ಹುಡುಗ ಒಪ್ಪಿಸಬೇಕೆನ್ನುವುದು ಅನ್ಯಾಯ. ಆ ದಿನವೂ ಅವನ ಪರೀಕ್ಷೆಯ ಬಗ್ಗೆ, ಅವನ ತಾಯಿಯ ಆರೋಗ್ಯದ ಬಗ್ಗೆ ಎಂದಿನಂತೆ ಕೇಳು. ನಿನಗೆ ನಿದ್ದೆ ಕೆಟ್ಟರೆ ಅದನ್ನೂ ಅವನಿಗೇ ಹೇಳು, ಇಬ್ಬರೂ ಕೂತು ಹೊತ್ತು ಹೊಂದಿಸಿಕೊಳ್ಳಿ.

ರಜೆಗೆ ಬರುವಾಗ, ಅವನಿಗೆ ಮನಸ್ಸಿದ್ದರೆ, ಮನೆಗೆ ಕರೆದುಕೊಂಡು ಬಾ. ಪ್ರಾರ್ಥನೆಗೆ ಯಾವ ಹೊತ್ತು, ಏನೇನು ಬೇಕು ಎಂದು ಮೊದಲೇ ಕೇಳಿ ತಿಳಿಸು. ಚೆನ್ನಾಗಿ ಬೆಳಕು ಬೀಳುವ ಕೋಣೆಯನ್ನು ಅಣಿ ಮಾಡಿಸಿಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ