ಕಾಣಿಕೆಗಿಂತ ವಿಧೇಯತೆ ದೊಡ್ಡದು

ಮಾನ್ಯರೇ,

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1933ರಲ್ಲಿ ಅಡಿಗಲ್ಲು ಇಟ್ಟ ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಎಲ್ಲ ಧರ್ಮದವರೂ ಮೇಣದಬತ್ತಿ ಹಚ್ಚಿ ಹರಕೆ ಸಲ್ಲಿಸುವುದನ್ನು ಕಂಡರೆ ಮನಸ್ಸು ತುಂಬುತ್ತದೆ. ಆದರೆ ಕ್ರೈಸ್ತರಾದ ನಾವು ಹರಕೆಯಲ್ಲೇ ನಿಂತುಬಿಡುವುದು ಸರಿಯಲ್ಲ. ಬೈಬಲಿನಲ್ಲಿ, ಶತ್ರುಗಳಾದ ಅಮಾಲೇಕ್ಯರನ್ನು ಗೆದ್ದ ಇಸ್ರಯೇಲರ ಅರಸ ಸೌಲನು ದೇವರ ಅಪ್ಪಣೆ ಮೀರಿ ಕೊಬ್ಬಿದ ಕುರಿ-ದನಗಳನ್ನು ಉಳಿಸಿಕೊಂಡು, ಅವು ಯಜ್ಞಕ್ಕೆಂದು ಸಮಜಾಯಿಷಿ ನೀಡಿದಾಗ, ಯಜ್ಞಕ್ಕಿಂತ ವಿಧೇಯತೆಯೇ ಶ್ರೇಷ್ಠವೆಂದು ಪ್ರವಾದಿ ಸಮುವೇಲನು ಅವನ ಮುಖಕ್ಕೇ ಹೇಳಿದನು. ಅಪ್ಪಣೆ ಪಾಲಿಸದೆ ಕಾಣಿಕೆಯಿಂದ ದೇವರನ್ನು ಒಲಿಸಹೊರಟ ಆ ಬುದ್ಧಿ ನಮ್ಮಲ್ಲೂ ಇರುವುದು ನೋವಿನ ಸಂಗತಿ.

ನಿನ್ನ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗು ಎಂದು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಆಜ್ಞಾಪಿಸುತ್ತಾರೆ. ಹೀಗಿದ್ದೂ, ಆಸ್ತಿಯ ಪಾಲಿಗಾಗಿ ವರ್ಷಗಟ್ಟಲೆ ಮಾತುಬಿಟ್ಟ ಅಣ್ಣತಮ್ಮಂದಿರು ಚರ್ಚಿನಲ್ಲಿ ಒಂದೇ ಬಲಿಪೂಜೆಗೆ (ಮಾಸ್) ಬಂದು, ಆ ತುದಿಯ ಬೆಂಚಿನಲ್ಲೊಬ್ಬರು ಈ ತುದಿಯಲ್ಲೊಬ್ಬರು ಕುಳಿತು, 'ನಾವು ಕ್ಷಮಿಸುವಂತೆ ನಮ್ಮನ್ನು ಕ್ಷಮಿಸು' ಎಂದು ಗಟ್ಟಿಯಾಗಿ ಪ್ರಾರ್ಥಿಸಿ ಬೇರೆ ಬೇರೆ ಬಾಗಿಲಿನಿಂದ ಹೊರಹೋಗುತ್ತಾರೆ. ವಿಧೇಯತೆಯೆಂದರೆ ಮನುಷ್ಯರ ಮಾತಿಗೆ ಕಣ್ಣುಮುಚ್ಚಿ ತಲೆಬಾಗುವುದಲ್ಲ. ಮನುಷ್ಯರಿಗಿಂತ ದೇವರಿಗೇ ವಿಧೇಯರಾಗಬೇಕೆಂದು ಅಧಿಕಾರಿಗಳ ಎದುರು ನಿಂತು ಹೇಳಿದವರು ಯೇಸುವಿನ ಶಿಷ್ಯರಾದ ಪ್ರೇಷಿತರು. ನಮ್ಮ ಚರ್ಚಿನ ಗುರುಗಳು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಪ್ರಬೋಧನೆಗಳಲ್ಲಿ ಮೊದಲು ರಾಜಿಯಾಗು ಎಂಬ ಯೇಸುವಿನ ಆಜ್ಞೆಯನ್ನೇ ಮುಂದಿಟ್ಟು, ಮುನಿದ ಮನೆಗಳಿಗೆ ತಾವೇ ಹೋಗಿ ರಾಜಿ ಮಾಡಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಓದುಗ, ಮೈಸೂರು